ಬರೆದವರೇ ಅರ್ಥ ಹೇಳಲಿ

ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ‘ಅಸೈನ್‌ಮೆಂಟ್’ ಎಂಬ ಮಾತು ಕೇಳಿಬರದ ವಾರವಿಲ್ಲ. ಅಧ್ಯಾಪಕರು ಒಂದು ವಿಷಯವನ್ನು ಕೊಡುತ್ತಾರೆ. ವಿದ್ಯಾರ್ಥಿಯು ಅದನ್ನು ಕುರಿತು ಐದಾರು ಪುಟಗಳ ಪ್ರಬಂಧವನ್ನು ಬರೆದು ಗೊತ್ತುಪಡಿಸಿದ ದಿನ ಒಪ್ಪಿಸಬೇಕು. ಅದಕ್ಕೆ ಇಂತಿಷ್ಟು ಅಂಕಗಳು. ವರ್ಷವೆಲ್ಲ ಸುಮ್ಮನಿದ್ದು ಪರೀಕ್ಷೆಯ ಹಿಂದಿನ ವಾರ ಬಾಯಿಪಾಠ ಮಾಡುವ ಚಾಳಿ ತಪ್ಪಲಿ, ಹುಡುಗರು ಗ್ರಂಥಾಲಯದ ಮೆಟ್ಟಿಲನ್ನು ಹತ್ತಲಿ, ನಾಲ್ಕು ಪುಸ್ತಕಗಳನ್ನು ತಿರುವಿ ತಮ್ಮದೇ ಆದ ಒಂದು ಅಭಿಪ್ರಾಯಕ್ಕೆ ಬರಲಿ ಎಂಬುದು ಈ ಪದ್ಧತಿಯನ್ನು ತಂದವರ ಆಶಯ. ಆಶಯವೇನೋ ಒಳ್ಳೆಯದೇ. ಆದರೆ ಈಚಿನ ಕೆಲವೇ ವರ್ಷಗಳಲ್ಲಿ ಅದರ ಬುಡವೇ ಅಲುಗಾಡಿಹೋಗಿದೆ.

2022ರ ನವೆಂಬರ್ 30ರಂದು ಅಮೆರಿಕದ ಓಪನ್‌ಎಐ ಸಂಸ್ಥೆಯು ಚಾಟ್‌ಜಿಪಿಟಿ ಎಂಬ ಸಂವಾದಯಂತ್ರವನ್ನು ಜನರ ಕೈಗೆ ಕೊಟ್ಟಿತು. ಅದರ ಬೆನ್ನಿಗೇ ಅಂಥವೇ ಇನ್ನೂ ಹಲವು ಬಂದವು. ಅಪಾರವಾದ ಬರಹಗಳ ರಾಶಿಯನ್ನು ಅರಗಿಸಿಕೊಂಡು, ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚೆಂದು ಲೆಕ್ಕಹಾಕಿ, ಪದದ ಮುಂದೆ ಪದವನ್ನು ಹೊಂದಿಸುತ್ತ ಹೋಗುವುದು ಈ ಯಂತ್ರಗಳ ಕ್ರಮ. ಸಾವಿರ ಜನ ಬರೆದಿರುವುದನ್ನೇ ಸಾವಿರದ ಒಂದನೆಯ ಬಾರಿ ನಯವಾಗಿ ಬರೆಯುವುದರಲ್ಲಿ ಅವುಗಳಿಗೆ ಸರಿಸಾಟಿಯಿಲ್ಲ. ಕಾಲೇಜಿನ ಪ್ರಬಂಧಗಳಲ್ಲಿ ಹೆಚ್ಚಿನವು ಆ ಜಾತಿಗೇ ಸೇರಿದವು. ‘ಭಾರತದಲ್ಲಿ ಮಹಿಳಾ ಸಬಲೀಕರಣ’, ‘ಜಾಗತೀಕರಣದ ಪರಿಣಾಮಗಳು’, ‘ಪರಿಸರ ಸಂರಕ್ಷಣೆಯಲ್ಲಿ ಯುವಜನರ ಪಾತ್ರ’ ಮುಂತಾದ ವಿಷಯವೊಂದನ್ನು ಮೊಬೈಲ್ ಫೋನಿನಲ್ಲಿ ಒತ್ತಿದರೆ ಸಾಕು; ಬಿ. ಸಿ. ರೋಡಿನಲ್ಲಿ ಬಸ್ಸು ಹತ್ತಿದ ಹುಡುಗನಿಗೆ ಬಸ್ಸು ಮೆಲ್ಕಾರು ತಲಪುವುದರೊಳಗೆ ಪೀಠಿಕೆ, ವಿಸ್ತಾರ, ಉಪಸಂಹಾರಗಳೊಡನೆ ಪ್ರಬಂಧವು ಸಿದ್ಧವಾಗಿರುತ್ತದೆ. ಊರಿಗೆ ಬಂದವಳು ನೀರಿಗೆ ಬಾರದಿರುವಳೆ? ಲೋಕಕ್ಕೆ ಬಂದ ಯಂತ್ರವು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ತರಗತಿಗಳಿಗೂ ಬಂದಿತೆಂದರೆ ಸೋಜಿಗವೇನಿಲ್ಲ.

ಹಾಗೆಂದು ಯಂತ್ರ ಬರುವುದಕ್ಕೆ ಮುಂಚೆ ಎಲ್ಲವೂ ಸತ್ಯಯುಗದಂತಿತ್ತೆಂದು ಭಾವಿಸಬೇಕಾಗಿಲ್ಲ. ಹಿರಿಯ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕವನ್ನು ನೋಡಿ ಬರೆಯುವುದು, ಗೈಡುಗಳಿಂದ ಪುಟಗಟ್ಟಲೆ ಇಳಿಸುವುದು, ಅಂತರ್ಜಾಲದಿಂದ ಎತ್ತಿಕೊಂಡದ್ದಕ್ಕೆ ತನ್ನ ಹೆಸರಿನ ಹೊದಿಕೆ ಹಾಕಿ ಅಚ್ಚುಮಾಡಿಸುವುದು, ಇವೆಲ್ಲ ಬಹುಕಾಲದಿಂದ ನಡೆದುಬಂದ ರೂಢಿಗಳೇ. ಅರುವತ್ತು ಪ್ರಬಂಧಗಳ ಕಟ್ಟನ್ನು ಮುಂದಿಟ್ಟುಕೊಂಡ ಅಧ್ಯಾಪಕರು ಮೊದಲ ಪುಟವನ್ನೂ ಕೊನೆಯ ಪುಟವನ್ನೂ ನೋಡಿ ಅಂಕ ಹಾಕುವುದೂ ಹೊಸತಲ್ಲ. ಬರೆಯದೆ ಬರೆದಂತೆ ತೋರುವವರು ಒಂದು ಕಡೆ, ಓದದೆ ಓದಿದಂತೆ ತೋರುವವರು ಇನ್ನೊಂದು ಕಡೆ. ನಡುವೆ ಮೌನವಾದ ಒಂದು ಒಪ್ಪಂದ. ಯಂತ್ರವು ಮಾಡಿದ ಕೆಲಸವೆಂದರೆ ಈ ಒಪ್ಪಂದವನ್ನು ಬಯಲಿಗೆಳೆದದ್ದು.

ಕೃತಿಚೌರ್ಯವನ್ನು ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ನಿಯಮಗಳನ್ನು ಮಾಡಿತು. ಬರಹವು ಬೇರೊಂದು ಬರಹವನ್ನು ಶೇಕಡಾ 10ರವರೆಗೆ ಹೋಲಿದರೆ ದಂಡನೆಯಿಲ್ಲ. ಅದಕ್ಕೆ ಮೇಲ್ಪಟ್ಟರೆ ಹೋಲಿಕೆಯ ಪ್ರಮಾಣಕ್ಕೆ ತಕ್ಕ ಶಿಕ್ಷೆ. ಆದರೆ ಸಂವಾದಯಂತ್ರವು ಯಾರ ಬರಹವನ್ನೂ ಎತ್ತಿ ಇಡುವುದಿಲ್ಲ. ಪ್ರತಿಸಲವೂ ಬೇರೆಯೇ ವಾಕ್ಯಗಳನ್ನು ಹೆಣೆಯುತ್ತದೆ. ಹೋಲಿಕೆಯನ್ನು ಅಳೆಯುವ ಕೋಲಿಗೆ ಅದು ಸಿಕ್ಕುವುದು ಕಷ್ಟ. ಆದುದರಿಂದ ಮೊದಲು ಹೊಳೆದ ಉಪಾಯವು ನಿಷೇಧ. ಬೆಂಗಳೂರಿನ ಆರ್. ವಿ. ವಿಶ್ವವಿದ್ಯಾಲಯವು 2023ರ ಜನವರಿಯಲ್ಲಿಯೇ ಚಾಟ್‌ಜಿಪಿಟಿಯ ಬಳಕೆಯನ್ನು ನಿಷೇಧಿಸಿತು. ಅದೇ ತಿಂಗಳು ನ್ಯೂಯಾರ್ಕ್ ನಗರದ ಸರಕಾರಿ ಶಾಲೆಗಳೂ ಬಾಗಿಲು ಹಾಕಿದವು. ಐದು ತಿಂಗಳು ಕಳೆಯುವುದರೊಳಗೆ, ಮೇ ತಿಂಗಳಲ್ಲಿ, ಹಾಕಿದ ಬಾಗಿಲನ್ನು ಅವೇ ತೆರೆದವು.

ಎರಡನೆಯ ಉಪಾಯವು ಪತ್ತೇದಾರಿಕೆ. ಯಂತ್ರ ಬರೆದದ್ದನ್ನು ಯಂತ್ರದಿಂದಲೇ ಹಿಡಿಯುವುದು. ಕೇಳಲು ಇದು ಇಂಪಾಗಿದೆ. ಆದರೆ ಓಪನ್‌ಎಐ ಸಂಸ್ಥೆಯು 2023ರ ಜನವರಿಯಲ್ಲಿ ತಾನೇ ಹೊರತಂದ ಪತ್ತೆಯಂತ್ರವು, ಆ ಸಂಸ್ಥೆಯೇ ಒಪ್ಪಿಕೊಂಡಂತೆ, ಯಂತ್ರ ಬರೆದ ಬರಹಗಳಲ್ಲಿ ಶೇಕಡಾ 26ನ್ನು ಮಾತ್ರ ಗುರುತಿಸಿತು. ಮನುಷ್ಯರು ಬರೆದವುಗಳಲ್ಲಿ ಶೇಕಡಾ 9ನ್ನು ಯಂತ್ರದವೆಂದು ಬಗೆಯಿತು. ಜುಲೈ ತಿಂಗಳಲ್ಲಿ ಅದನ್ನು ಹಿಂದೆಗೆದುಕೊಳ್ಳಲಾಯಿತು. ಅದೇ ವರ್ಷ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಏಳು ಪತ್ತೆಯಂತ್ರಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದ ವಿದ್ಯಾರ್ಥಿಗಳು ತಾವೇ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು, ಸರಾಸರಿ ಶೇಕಡಾ 61ನ್ನು, ಅವು ಯಂತ್ರದ ಬರಹವೆಂದು ತಪ್ಪಾಗಿ ಹೇಳಿದವು.

ಈ ಅಂಕಿಯ ಮುಂದೆ ಕನ್ನಡ ನಾಡಿನ ತಂದೆತಾಯಿಗಳು ಒಂದು ಕ್ಷಣ ನಿಲ್ಲಬೇಕು. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಅಥವಾ ಕನ್ನಡ ಮಾತಾಡಿ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಮನೆತನದಲ್ಲೇ ಮೊದಲಿಗಳಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿಯ ಇಂಗ್ಲಿಷ್ ಹೇಗಿರುತ್ತದೆ? ಗೊತ್ತಿರುವ ಕೆಲವೇ ಪದಗಳನ್ನು ಬಳಸಿ, ತಪ್ಪಾದೀತೆಂಬ ಅಂಜಿಕೆಯಿಂದ ಚಿಕ್ಕ ಚಿಕ್ಕ ವಾಕ್ಯಗಳನ್ನು ಅವಳು ಜೋಡಿಸುತ್ತಾಳೆ. ಪತ್ತೆಯಂತ್ರಕ್ಕೆ ಸಂಶಯ ಬರುವುದು ಇಂಥ ಸರಳತೆಯ ಮೇಲೆಯೇ. ಸ್ವಂತ ಬೆವರಿನಿಂದ ಬರೆದವಳು ಕಳ್ಳಿಯೆನ್ನಿಸಿಕೊಳ್ಳುವುದು, ಯಂತ್ರದಿಂದ ಬರೆಯಿಸಿ ಮಾತನ್ನು ಸ್ವಲ್ಪ ಬದಲಾಯಿಸುವ ಜಾಣ ಪಾರಾಗುವುದು: ಇದು ವಿದ್ಯಾಮಂದಿರದಲ್ಲಿ ನಡೆಯತಕ್ಕ ನ್ಯಾಯವೆ?

ಮೂರನೆಯ ಉಪಾಯವೂ ಒಂದಿದೆ. ಎಲ್ಲವನ್ನೂ ತರಗತಿಯಲ್ಲಿಯೇ, ಅಧ್ಯಾಪಕರ ಕಣ್ಣೆದುರಿಗೇ, ಲೇಖನಿಯಿಂದ ಬರೆಯಿಸುವುದು. ಇದರಲ್ಲಿ ತಕ್ಕಮಟ್ಟಿನ ಗುಣವಿಲ್ಲದಿಲ್ಲ. ಆದರೆ ಗಂಟೆ ಬಾರಿಸುವುದರೊಳಗೆ ಮುಗಿಸುವ ಬರಹದಲ್ಲಿ ಪುಸ್ತಕಗಳನ್ನು ಹುಡುಕುವ, ಜನರನ್ನು ಕಂಡು ಕೇಳುವ, ಬರೆದುದನ್ನು ಹೊಡೆದುಹಾಕಿ ಮತ್ತೆ ಬರೆಯುವ ಅಭ್ಯಾಸಕ್ಕೆ ಎಡೆಯಿಲ್ಲ. ಪ್ರಬಂಧದ ಪದ್ಧತಿಯನ್ನು ತಂದದ್ದೇ ಆ ಅಭ್ಯಾಸಕ್ಕಾಗಿ. ಅದು ಹೋದರೆ ಉಳಿಯುವುದು ಇನ್ನೊಂದು ಪರೀಕ್ಷೆಯಷ್ಟೆ.

ಅಮೆರಿಕದ ಎಂ. ಐ. ಟಿ. ಸಂಶೋಧಕರು 2025ರಲ್ಲಿ ಒಂದು ಚಿಕ್ಕ ಪ್ರಯೋಗದ ಫಲವನ್ನು ಪ್ರಕಟಿಸಿದರು. 54 ಮಂದಿಯನ್ನು ಮೂರು ಗುಂಪುಗಳಾಗಿ ಮಾಡಿ ಪ್ರಬಂಧ ಬರೆಯಲು ಹೇಳಲಾಯಿತು. ಒಂದು ಗುಂಪಿಗೆ ಸಂವಾದಯಂತ್ರದ ನೆರವು, ಇನ್ನೊಂದಕ್ಕೆ ಅಂತರ್ಜಾಲದ ಹುಡುಕಾಟ, ಮತ್ತೊಂದಕ್ಕೆ ಸ್ವಂತ ತಲೆಯ ಹೊರತು ಬೇರೇನಿಲ್ಲ. ಬರೆದು ಮುಗಿಸಿದ ಮೇಲೆ, ‘ನಿಮ್ಮ ಪ್ರಬಂಧದ ಒಂದು ವಾಕ್ಯವನ್ನು ಹೇಳಿ’ ಎಂದು ಕೇಳಿದಾಗ ಯಂತ್ರದ ನೆರವು ಪಡೆದ 18 ಮಂದಿಯಲ್ಲಿ 15 ಮಂದಿಗೆ ಅದನ್ನು ಸರಿಯಾಗಿ ಹೇಳಲಾಗಲಿಲ್ಲ. ಇಷ್ಟು ಕಡಮೆ ಜನರ ಪ್ರಯೋಗದಿಂದ ಸಿದ್ಧಾಂತಗಳನ್ನು ಕಟ್ಟಬಾರದು, ನಿಜ. ಆದರೂ ಅಧ್ಯಾಪಕರಿಗೆ ಅದು ಒಂದು ಒಳ್ಳೆಯ ದಾರಿಯನ್ನು ತೋರಿಸುತ್ತದೆ. ‘ಇದನ್ನು ಬರೆದವರಾರು?’ ಎಂದು ಕಾಗದವನ್ನು ಪ್ರಶ್ನಿಸಿ ಫಲವಿಲ್ಲ. ಬರೆದೆನೆಂದು ಹೇಳುವವರನ್ನೇ ಕೂರಿಸಿಕೊಂಡು, ‘ಇದರ ಅರ್ಥವನ್ನು ಹೇಳು’ ಎಂದು ಕೇಳಬೇಕು.

ಈ ಮಾತನ್ನು ಕಲಿಯಲು ನೇತ್ರಾವತಿಯ ದಂಡೆಯವರು ಅಮೆರಿಕದವರೆಗೆ ಹೋಗಬೇಕಾಗಿಯೇ ಇರಲಿಲ್ಲ. ತೆಂಕಣ ಕರಾವಳಿಯಲ್ಲಿ ತಾಳಮದ್ದಳೆಯೆಂಬ ಕಲೆಯುಂಟು. ಯಕ್ಷಗಾನದ್ದೇ ಪ್ರಸಂಗ, ಯಕ್ಷಗಾನದ್ದೇ ಹಾಡು. ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯವನ್ನು ಹಾಡುತ್ತಾರೆ. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ತಮ್ಮ ತಮ್ಮ ಪಾತ್ರದ ಅರ್ಥವನ್ನು ಮಾತಿನಲ್ಲಿ ಹೇಳುತ್ತಾರೆ. ಮಳೆಗಾಲದಲ್ಲಿ, ಮೇಳಗಳ ತಿರುಗಾಟ ನಿಂತಾಗ, ಮನೆಯ ಚಾವಡಿಗಳಲ್ಲಿ, ದೇವಸ್ಥಾನದ ಆವರಣಗಳಲ್ಲಿ ಇಂಥ ಕೂಟಗಳು ವಿಶೇಷವಾಗಿ ನಡೆಯುತ್ತವೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918-2006) ಅರ್ಥಧಾರಿಗಳ ಮಾತನ್ನು ಕೇಳಲು ಜನರು ಮೈಲುಗಟ್ಟಲೆ ನಡೆದು ಹೋಗುತ್ತಿದ್ದ ಕಾಲವನ್ನು ಹಿರಿಯರು ಇಂದಿಗೂ ನೆನೆಯುವುದುಂಟು.

ತಾಳಮದ್ದಳೆಯಲ್ಲಿ ಯಾವ ಗುಟ್ಟೂ ಇಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಪದ್ಯಗಳು ಅಚ್ಚಾದ ಪುಸ್ತಕದಲ್ಲಿವೆ. ಕಥೆಯು ಮಗುವಿಗೂ ಗೊತ್ತು. ವಾಲಿಯು ಸಾಯುತ್ತಾನೆ, ಸಂಧಾನವು ಮುರಿಯುತ್ತದೆ, ಕರ್ಣನ ರಥದ ಗಾಲಿ ಹೂಳುತ್ತದೆ, ಇದರಲ್ಲಿ ಬದಲಾವಣೆಯಿಲ್ಲ. ಹೀಗಿದ್ದೂ ಜನರು ಬೆಳಗಿನ ಜಾವದವರೆಗೆ ಕುಳಿತು ಕೇಳುವುದೇಕೆ? ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿಯು ಇಂದು ಏನೆಂದು ಕೇಳುತ್ತಾನೆ, ಅದಕ್ಕೆ ರಾಮನು ಇಂದು ಏನೆಂದು ಉತ್ತರ ಕೊಡುತ್ತಾನೆ ಎಂಬ ಕುತೂಹಲದಿಂದ. ಇಲ್ಲಿ ಪೂರ್ವಾಭ್ಯಾಸವಿಲ್ಲ. ಯಾರೋ ಬರೆದುಕೊಟ್ಟ ಅರ್ಥವನ್ನು ಉರುಹೊಡೆದು ಬಂದವನು ಪೀಠಿಕೆಯನ್ನೇನೋ ಚೆನ್ನಾಗಿಯೇ ಒಪ್ಪಿಸಿಯಾನು. ಎದುರಿನವರು ಅನಿರೀಕ್ಷಿತವಾದ ಒಂದು ಪ್ರಶ್ನೆಯನ್ನು ಎಸೆದೊಡನೆ ಅವನ ಬಂಡವಾಳವು ತಿಳಿದುಹೋಗುತ್ತದೆ. ಪುರಾಣವನ್ನೂ ಕಾವ್ಯವನ್ನೂ ಓದಿ, ಮನಸ್ಸಿನಲ್ಲಿ ಮಥಿಸಿ ಬಂದವನಾದರೋ ಆ ಪ್ರಶ್ನೆಯಿಂದಲೇ ಅರಳುತ್ತಾನೆ. ಪಠ್ಯವು ಎಲ್ಲರ ಕೈಯಲ್ಲಿಯೂ ಇರಲಿ, ಅರ್ಥವು ಮಾತ್ರ ಹೇಳುವವನದೇ ಆಗಿರಲಿ ಎಂಬ ಈ ಕಟ್ಟಳೆಯು ಯಂತ್ರಯುಗದ ಕಾಲೇಜಿಗೆ ಹೇಳಿ ಮಾಡಿಸಿದಂತಿದೆ.

ತರಗತಿಯಲ್ಲಿ ಇದು ಹೇಗೆ ನಡೆದೀತೆಂಬುದನ್ನು ಊಹಿಸುವುದು ಕಷ್ಟವಲ್ಲ. ಅರ್ಥಶಾಸ್ತ್ರದ ಅಧ್ಯಾಪಕರೊಬ್ಬರು ವಿದ್ಯಾರ್ಥಿನಿಯ ಪ್ರಬಂಧವನ್ನು ಮುಂದಿಟ್ಟುಕೊಂಡು ಕೇಳುತ್ತಾರೆ:

“ದುಡಿಯುವ ಮಹಿಳೆಯರಿಗೆ ಬಹುಮುಖಿ ಸವಾಲುಗಳಿವೆ ಎಂದು ಬರೆದಿದ್ದೀಯಲ್ಲಮ್ಮ, ಒಂದು ಸವಾಲನ್ನು ಹೇಳು ನೋಡೋಣ.”

ಹುಡುಗಿ ತಲೆ ತಗ್ಗಿಸುತ್ತಾಳೆ.

“ಹೋಗಲಿ, ನಿಮ್ಮ ಮನೆಯಲ್ಲಿ ಯಾರಾದರೂ ದುಡಿಯುತ್ತಾರೆಯೆ?”

“ಅಮ್ಮ ಬೀಡಿ ಕಟ್ಟುತ್ತಾರೆ, ಸರ್.”

“ದಿನಕ್ಕೆ ಎಷ್ಟು ಕಟ್ಟುತ್ತಾರೆ? ಮಜೂರಿಯನ್ನು ಹೇಗೆ ಲೆಕ್ಕಹಾಕುತ್ತಾರೆ?”

ಈಗ ಮಾತು ತಾನಾಗಿ ಬರುತ್ತದೆ. ಸಾವಿರ ಬೀಡಿಗೆ ಇಷ್ಟೆಂಬ ಲೆಕ್ಕ, ಬ್ರಾಂಚಿನಲ್ಲಿ ಕೊಡುವ ಎಲೆ ಸಾಲದೆ ಬರುವ ದಿನಗಳು, ಸರಿಯಿಲ್ಲವೆಂದು ತೆಗೆದುಹಾಕಿದ ಬೀಡಿಗಳಿಂದಾಗುವ ನಷ್ಟ, ಹೊಗೆಸೊಪ್ಪಿನ ಘಾಟಿಗೆ ಬರುವ ಕೆಮ್ಮು, ಅಡುಗೆಯ ನಡುವೆಯೂ ಮಡಿಲಿನ ತಡ್ಪೆಯನ್ನು ಇಳಿಸದ ತಾಯಿ. ಬಂಟ್ವಾಳ, ಬೆಳ್ತಂಗಡಿಯ ಎಷ್ಟೋ ಮಕ್ಕಳ ಕಾಲೇಜಿನ ಶುಲ್ಕವು ಆ ತಡ್ಪೆಯಿಂದಲೇ ಬಂದದ್ದು. ಒಪ್ಪಿಸಿದ ಆರು ಪುಟಗಳಲ್ಲಿ ಅದರ ಒಂದು ಮಾತೂ ಇರಲಿಲ್ಲ. ಹುಡುಗಿಗೆ ಬರೆಯಲು ವಿಷಯವಿರಲಿಲ್ಲವೆಂದಲ್ಲ. ತನಗೆ ಗೊತ್ತಿರುವುದು ಬರೆಯಲು ಯೋಗ್ಯವಾದುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಯಂತ್ರದ ಬಳಕೆಯಿಂದ ನಿಜವಾಗಿ ನಷ್ಟವಾಗುವುದು ಇಲ್ಲಿ. ತನ್ನ ಕಣ್ಣಿನಿಂದ ಕಂಡದ್ದನ್ನು ತನ್ನ ಮಾತಿನಲ್ಲಿ ಹೇಳಿ, ಅದನ್ನು ನಾಲ್ಕು ಜನರ ಮುಂದೆ ಸಮರ್ಥಿಸಬಲ್ಲೆನೆಂಬ ಧೈರ್ಯವು ಹದಿನೆಂಟು, ಇಪ್ಪತ್ತರ ವಯಸ್ಸಿನಲ್ಲಿ ಹುಟ್ಟದೆ ಹೋದರೆ ಆಮೇಲೆ ಹುಟ್ಟುವುದು ಕಷ್ಟ.

ಆದುದರಿಂದ ವಿಷಯವನ್ನು ಕೊಡುವ ರೀತಿಯೇ ಮೊದಲು ಬದಲಾಗಬೇಕು. ಬಂಟ್ವಾಳದ ಪೇಟೆಯನ್ನು ನೇತ್ರಾವತಿಯು ಮುಳುಗಿಸಿದ 1923ರ ಮತ್ತು 1974ರ ನೆರೆಗಳ ನೆನಪು ಹಳೆಯ ಮನೆತನಗಳಲ್ಲಿ ಇನ್ನೂ ಉಳಿದಿದೆ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದ ಹಳ್ಳಿಗಳಿಗೆ ನುಗ್ಗಿದ ನೀರನ್ನು ಈಗಿನ ವಿದ್ಯಾರ್ಥಿಗಳೇ ಬಾಲ್ಯದಲ್ಲಿ ಕಂಡಿದ್ದಾರೆ. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸಕ್ಕೆ ಮರ ಹತ್ತುವವರು ಸಿಕ್ಕದಿರುವುದೇಕೆ? ಗದ್ದೆಗಳು ತೋಟಗಳಾದ ಮೇಲೆ ನಾಟಿಯ ಹಾಡುಗಳು ಎಲ್ಲಿ ಹೋದವು? ಇಂಥ ಪ್ರಶ್ನೆಗಳಿಗೆ ಉತ್ತರವು ಅಜ್ಜಿಯ ಬಾಯಲ್ಲಿದೆ, ನೆರೆಮನೆಯ ಲೆಕ್ಕದ ಪುಸ್ತಕದಲ್ಲಿದೆ. ಯಂತ್ರವು ಅರಗಿಸಿಕೊಂಡ ರಾಶಿಯಲ್ಲಿ ಅದು ಸಿಕ್ಕುವುದು ವಿರಳ.

ಈ ದಾರಿಯೂ ಆ ಊರಿಗೆ ಹೊಸತಲ್ಲ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಅಧ್ಯಾಪಕರಾಗಿ, ಶಾಲೆಗಳ ತನಿಖಾಧಿಕಾರಿಯಾಗಿ ಊರೂರು ಸುತ್ತಿದವರು. ಮಕ್ಕಳ ಕಿವಿಗೆ ಹಿಡಿಸುವ ಕನ್ನಡವನ್ನು ಬರೆದವರು. ತುಳು ಪಾಡ್ದನಗಳಲ್ಲಿ ಜನರು ಹಾಡಿಕೊಂಡು ಬಂದ ಕೋಟಿ ಚೆನ್ನಯರ ಕಥೆಗೆ ಕನ್ನಡ ಗದ್ಯದ ರೂಪವನ್ನು ಕೊಟ್ಟವರೂ ಅವರೇ. ಸುತ್ತಲಿನ ಜನರ ಬಾಯಲ್ಲಿ ಇದ್ದುದಕ್ಕೆ ಕಿವಿಗೊಟ್ಟು, ಅದನ್ನು ತನ್ನದಾಗಿ ಮಾಡಿಕೊಂಡು ಬರೆಯುವ ಕೆಲಸಕ್ಕೆ ಇದಕ್ಕಿಂತ ಹತ್ತಿರದ ಮಾದರಿ ಬೇಕೆ?

ಹಾಗಾದರೆ ಯಂತ್ರವನ್ನು ಮುಟ್ಟಲೇಬಾರದೆ? ಈ ಪ್ರಶ್ನೆಗೆ ಮೂಡುಬಿದಿರೆಯ ಓಲೆಗರಿಗಳು ಒಂದು ಉತ್ತರವನ್ನು ಸೂಚಿಸುತ್ತವೆ. ಒಂಬತ್ತನೆಯ ಶತಮಾನದ ವೀರಸೇನಾಚಾರ್ಯರ ಧವಲಾ ಟೀಕೆಯು ಹಳೆಯ ಕನ್ನಡ ಲಿಪಿಯ ಓಲೆಗಳಲ್ಲಿ ಶತಮಾನಗಳ ಕಾಲ ಉಳಿದುಬಂದದ್ದು ಮೂಡುಬಿದಿರೆಯ ಬಸದಿಯಲ್ಲಿ. ಅದರ ಪ್ರತಿಗಳನ್ನು ಮಾಡುವ ಕೆಲಸವು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾಗಿ ಹಲವು ವರ್ಷ ನಡೆಯಿತು. ವಿದ್ವಾಂಸ ಹೀರಾಲಾಲ್ ಜೈನರು ಅದನ್ನು ಸಂಪಾದಿಸಿ 1939ರಿಂದ ಮುದ್ರಿಸತೊಡಗಿದರು. 16 ಸಂಪುಟಗಳು ಮುಗಿಯುವ ಹೊತ್ತಿಗೆ 1958 ಆಗಿತ್ತು. ಪ್ರತಿಕಾರನ ಕೆಲಸವನ್ನು ಯಾರೂ ಹೀನವೆಂದು ಎಣಿಸಲಿಲ್ಲ. ಅವನಿಲ್ಲದಿದ್ದರೆ ಗ್ರಂಥವೇ ಉಳಿಯುತ್ತಿರಲಿಲ್ಲ. ಆದರೆ ಓಲೆಗರಿಗಳ ಪ್ರತಿಕಾರರು ಗ್ರಂಥದ ಕೊನೆಗೆ ತಮ್ಮ ಹೆಸರು, ಊರು, ಪ್ರತಿ ಮುಗಿಸಿದ ಕಾಲಗಳನ್ನು ಬರೆದಿಡುವ ಪದ್ಧತಿಯಿತ್ತು. ಕವಿ ಯಾರು, ಪ್ರತಿ ಮಾಡಿದವರು ಯಾರು ಎಂಬುದರಲ್ಲಿ ಗೊಂದಲವಿರಲಿಲ್ಲ.

ಇಂದಿನ ವಿದ್ಯಾರ್ಥಿಗೂ ಅದೇ ನಿಯಮವನ್ನು ಹಾಕಬಹುದು. ಇಂಗ್ಲಿಷ್ ವಾಕ್ಯವನ್ನು ತಿದ್ದಿಸಿಕೊಳ್ಳಲು, ಕಠಿನವಾದ ಪಾಠವನ್ನು ಬಿಡಿಸಿ ಹೇಳಿಸಿಕೊಳ್ಳಲು ಯಂತ್ರದ ನೆರವನ್ನು ಪಡೆಯಲಿ. ಹಳ್ಳಿಯ ಮಕ್ಕಳಿಗೆ ಅದೊಂದು ದೊಡ್ಡ ಉಪಕಾರವೇ. ಆದರೆ ಪ್ರಬಂಧದ ಕೊನೆಯಲ್ಲಿ, ಏನು ಕೇಳಿದೆ, ಅದು ಏನು ಹೇಳಿತು, ಅದರಲ್ಲಿ ಸರಿಯೆಷ್ಟು ತಪ್ಪೆಷ್ಟು ಎಂಬುದನ್ನು ಅರ್ಧ ಪುಟದಲ್ಲಿ ಬರೆದು ಸಹಿ ಹಾಕಲಿ. ತಪ್ಪನ್ನು ಹುಡುಕುವುದೇ ಒಳ್ಳೆಯ ಪಾಠವಾದೀತು. ಈ ಯಂತ್ರಗಳು ಇಲ್ಲದ ಪುಸ್ತಕಗಳನ್ನೂ ನಡೆಯದ ಘಟನೆಗಳನ್ನೂ ನಿಸ್ಸಂಕೋಚವಾಗಿ ಹೇಳಿಬಿಡುವುದುಂಟು. ಮೂಡುಬಿದಿರೆಯ ಕವಿ ರತ್ನಾಕರವರ್ಣಿಯ ವಿಷಯದಲ್ಲಿ ಯಂತ್ರ ಹೇಳಿದುದನ್ನು ಗ್ರಂಥಾಲಯದ ಪುಸ್ತಕಗಳೊಡನೆ ಸಾಲು ಸಾಲಾಗಿ ಹೋಲಿಸಿ ನೋಡಿದ ಹುಡುಗನು ಕವಿಯನ್ನೂ ತಿಳಿಯುತ್ತಾನೆ, ಯಂತ್ರದ ಯೋಗ್ಯತೆಯನ್ನೂ ತಿಳಿಯುತ್ತಾನೆ.

ಇಷ್ಟಕ್ಕೆಲ್ಲ ಸಮಯವೆಲ್ಲಿ ಎಂದು ಅಧ್ಯಾಪಕರು ಕೇಳುವುದು ಸಹಜ. ಅತಿಥಿ ಉಪನ್ಯಾಸಕರಾಗಿ ದುಡಿಯುವವರ ಪಾಡನ್ನು ಬಲ್ಲವರು ಈ ಪ್ರಶ್ನೆಯನ್ನು ತಳ್ಳಿಹಾಕಲಾರರು. ಆದರೂ ಲೆಕ್ಕ ಹಾಕಿ ನೋಡಬಹುದು. ಅರುವತ್ತು ಮಂದಿಯಿರುವ ತರಗತಿಯಲ್ಲಿ ಒಬ್ಬೊಬ್ಬರೊಡನೆ ಐದು ನಿಮಿಷ ಮಾತಾಡಿದರೆ ಒಟ್ಟು ಐದು ಗಂಟೆ. ಅರುವತ್ತು ಪ್ರಬಂಧಗಳನ್ನು ಒಂದೊಂದಕ್ಕೆ ಹತ್ತು ನಿಮಿಷದಂತೆ ಮನಸ್ಸಿಟ್ಟು ಓದಿದರೆ ಹತ್ತು ಗಂಟೆ. ಆರು ಪುಟದ ನಾಲ್ಕು ಪ್ರಬಂಧಗಳ ಬದಲು ಎರಡು ಪುಟದ ಒಂದೇ ಪ್ರಬಂಧವನ್ನು ಬರೆಯಿಸಿ, ಅದರ ಅರ್ಥವನ್ನು ಕೇಳಿದರೆ ಇಬ್ಬರ ಹೊರೆಯೂ ಇಳಿಯುತ್ತದೆ. ನಾಚಿಕೆಯ ಸ್ವಭಾವದವರು ಮಾತಿನಲ್ಲಿ ಹಿಂದೆ ಬೀಳಬಾರದೆಂದರೆ ಕನ್ನಡದಲ್ಲಿಯೋ ತುಳುವಿನಲ್ಲಿಯೋ ಉತ್ತರ ಹೇಳಲು ಬಿಡಬೇಕು. ನಾಲ್ಕೈದು ಮಂದಿಯನ್ನು ಒಟ್ಟಿಗೆ ಕೂರಿಸಿಕೊಂಡರೆ ಒಬ್ಬರ ಮಾತು ಇನ್ನೊಬ್ಬರ ಬಾಯಿ ಬಿಡಿಸುತ್ತದೆ. ಆಸ್ಟ್ರೇಲಿಯದ ಸಿಡ್ನಿ ವಿಶ್ವವಿದ್ಯಾಲಯವು ಮೌಲ್ಯಮಾಪನವನ್ನು ಎರಡು ದಾರಿಗಳಾಗಿ ಒಡೆದಿದೆ: ಅಧ್ಯಾಪಕರ ಎದುರಿನಲ್ಲೇ ನಡೆಯುವ ಕಾವಲಿನ ಪರೀಕ್ಷೆ ಒಂದು, ಯಂತ್ರದ ಬಳಕೆಗೆ ತೆರೆದಿಟ್ಟ ಅಭ್ಯಾಸ ಇನ್ನೊಂದು. 1966ರಲ್ಲಿ ಆರಂಭವಾದ ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜಿನಂಥ ಸ್ವಾಯತ್ತ ಸಂಸ್ಥೆಗಳಿಗೆ ಇಂಥ ಪ್ರಯೋಗಗಳನ್ನು ಮಾಡುವ ಸ್ವಾತಂತ್ರ್ಯವಿದೆ. ಉಳಿದ ಕಾಲೇಜುಗಳಿಗೆ ಮಂಗಳೂರು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಗಳು ದಾರಿ ಮಾಡಿಕೊಡಬೇಕು.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲವೆಂದು ಪ್ರತೀತಿ. 1430ರಲ್ಲಿ ಅದನ್ನು ಕಟ್ಟಿದ ಶಿಲ್ಪಿಗಳು ಒಂದೇ ಅಚ್ಚಿನಲ್ಲಿ ಎಲ್ಲವನ್ನೂ ಕಡೆದಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು, ಛಾವಣಿಯೂ ನಿಲ್ಲುತ್ತಿತ್ತು. ನೋಡಲು ಮಾತ್ರ ಯಾರೂ ಬರುತ್ತಿರಲಿಲ್ಲ. ಅರುವತ್ತು ಮಕ್ಕಳಿಂದ ಒಂದೇ ಅಚ್ಚಿನ ಅರುವತ್ತು ಪ್ರಬಂಧಗಳನ್ನು ಪಡೆದು ತೃಪ್ತಿಪಡುವ ವಿದ್ಯಾಭ್ಯಾಸವು ಈ ಮಾತನ್ನು ಯೋಚಿಸಬೇಕು.

ಕಾಲೇಜುಗಳು ಬದಲಾಗುವವರೆಗೆ ಮನೆಯವರು ಕಾಯಬೇಕಾಗಿಲ್ಲ. ಮಗನೋ ಮಗಳೋ ಪ್ರಬಂಧವನ್ನು ಒಪ್ಪಿಸುವ ಮುನ್ನಾದಿನ, ರಾತ್ರಿಯ ಊಟದ ಹೊತ್ತಿನಲ್ಲಿ, “ಏನು ಬರೆದೆ? ನಮಗೆ ತಿಳಿಯುವ ಹಾಗೆ ಸ್ವಲ್ಪ ಹೇಳು” ಎಂದು ಕೇಳಿದರೆ ಸಾಕು. ಬೈಯುವುದೂ ಬೇಡ, ಫೋನನ್ನು ಕಸಿದುಕೊಳ್ಳುವುದೂ ಬೇಡ. ಹೇಳಲು ಬಂದರೆ ಬರಹವು ಅವರದು. ಬಾರದಿದ್ದರೆ, ಇನ್ನೊಮ್ಮೆ ಕುಳಿತು ಬರೆಯಲು ಒಂದು ರಾತ್ರಿ ಇನ್ನೂ ಇರುತ್ತದೆ.